ಸೂರತ್ತಿನಿಂದ ಬಂದ ಭಾವ

1994ರ ಸೆಪ್ಟೆಂಬರ್ ಕೊನೆಯ ವಾರ ಹಲಸೂರಿನ ಔಷಧದಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮುಗಿದುಹೋಯಿತು. ಬಜಾರ್ ಸ್ಟ್ರೀಟಿನಲ್ಲಿ ಸಿಗದವರು ಶಿವಾಜಿನಗರಕ್ಕೆ ಹೋದರು, ಬೌರಿಂಗ್ ಆಸ್ಪತ್ರೆ ಎದುರಿನ ಸಾಲಿನಲ್ಲೂ ಇಲ್ಲ. ರಸೆಲ್ ಮಾರ್ಕೆಟ್ಟಿನಲ್ಲಿ ತರಕಾರಿಯವರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದರು. ಸೂರತ್ತಿನಲ್ಲಿ ಪ್ಲೇಗು ಅನ್ನುವ ಸುದ್ದಿ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಆ ಊರಿನಿಂದ ಲಕ್ಷಾಂತರ ಜನ ರೈಲು, ಬಸ್ಸು, ಲಾರಿ ಅಂತ ಸಿಕ್ಕಿದ್ದನ್ನು ಹತ್ತಿ ಹೊರಟುಬಿಟ್ಟಿದ್ದರು. ಖಾಸಗಿ ಡಾಕ್ಟರುಗಳಲ್ಲೇ ಎಷ್ಟೋ ಜನ ಕ್ಲಿನಿಕ್ಕಿಗೆ ಬೀಗ ಹಾಕಿಕೊಂಡು ಹೋಗಿದ್ದರು. ಗಲ್ಫ್ ದೇಶಗಳು ಭಾರತದ ವಿಮಾನಗಳನ್ನು ತಡೆದವು. ಅಂಥ ಒಂದು ಬೆಳಿಗ್ಗೆ ನಮ್ಮ ಸೋದರತ್ತೆಯ ಮಗ, ನನಗೆ ವರಸೆಯಲ್ಲಿ ಭಾವ, ದಂಡು ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಿಂದ ಇಳಿದು, ಆಟೋ ಹಿಡಿದು, ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಅವರು ಸೂರತ್ತಿನ ಒಂದು ಸೀರೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು.

ಅಮ್ಮ ಕಾಫಿ ಸೋಸುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಒಳಗೆ ಬಾ ಅನ್ನಲೂ ಇಲ್ಲ, ಬೇಡ ಅನ್ನಲೂ ಬಾಯಿ ಬರಲಿಲ್ಲ. ಮುಂದೆ ಹೋದವಳು ಅಜ್ಜಿ. ಎಂಬತ್ತು ದಾಟಿತ್ತು, ಬೆನ್ನು ಬಾಗಿತ್ತು, ಆದರೆ ದನಿ ಗಟ್ಟಿ.

"ಅಲ್ಲೇ ನಿಲ್ಲೋ ಮಗಾ. ಹೊಸಲು ದಾಟ್ಬೇಡ. ಸಂದಿಯಿಂದ ಹಿತ್ಲಿಗೆ ಬಾ."

ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವರನ್ನು ನಿಲ್ಲಿಸಿದಳು. ಅಂಗಿ ಬಿಚ್ಚಿಸಿದಳು. "ಕೈ ಎತ್ತು" ಅಂದಳು. ಮೂವತ್ತು ದಾಟಿದ ಗಂಡಸು ಮಗುವಿನ ಹಾಗೆ ಎರಡೂ ಕೈ ಮೇಲೆತ್ತಿದರು. ಅಜ್ಜಿ ಎಡಗೈಯಿಂದ ಅವರ ಭುಜ ಹಿಡಿದು, ಬಲಗೈಯ ನಾಲ್ಕು ಬೆರಳು ಕಂಕುಳಿಗೆ ಒತ್ತಿ, ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸವರಿದಳು. ಆಮೇಲೆ ಇನ್ನೊಂದು ಕಂಕುಳು. ಆಮೇಲೆ ದವಡೆಯ ಕೆಳಗೆ. "ತೊಡೆಸಂದಿಯಲ್ಲಿ ನೋವಿದೆಯಾ, ಕಾಲು ಎತ್ತಿ ಇಡುವಾಗ ಸೆಳೀತದಾ?" ಅಂತ ಕೇಳಿದಳು. ಎಂ.ಎಸ್ಸಿ. ಮೈಕ್ರೋಬಯಾಲಜಿ ಓದುತ್ತಿದ್ದ ನಾನು ದುಗ್ಧಗ್ರಂಥಿಗಳ ಚಿತ್ರವನ್ನು ಪುಸ್ತಕದಲ್ಲಿ ನೋಡಿದ್ದೆ. ಅವು ಮೈಯಲ್ಲಿ ಎಲ್ಲಿ ಕೈಗೆ ಸಿಗುತ್ತವೆ, ಎಷ್ಟು ಒತ್ತಿದರೆ ಗೆಡ್ಡೆ ಗೊತ್ತಾಗುತ್ತದೆ ಅನ್ನುವುದು ಶಾಲೆಯನ್ನೇ ಕಾಣದ ಅಜ್ಜಿಯ ಬೆರಳಿಗೆ ತಿಳಿದಿತ್ತು.

"ಜ್ವರ ಬಂದಿತ್ತಾ?"

"ಇಲ್ಲ ಅಜ್ಜಿ."

"ನಿನ್ ರೂಮಲ್ಲಿ ಇಲಿ ಬಿದ್ದಿತ್ತಾ?"

"ಒಂದೂ ನೋಡ್ಲಿಲ್ಲ ಅಜ್ಜಿ. ಅಲ್ಲಿ ಜನ ಕೆಮ್ಮಿ ಕೆಮ್ಮಿ ಹೋದ್ರು. ನಮ್ ಪಕ್ಕದ ಚಾಳಲ್ಲಿ ಒಬ್ಬನಿಗೆ ಬೆಳಿಗ್ಗೆ ಜ್ವರ ಬಂತು, ಮಾರನೇ ದಿನ ರಕ್ತ ಕಾರ್ಕೊಂಡ."

ಅಜ್ಜಿ ನಂಬಲಿಲ್ಲ. "ಇಲಿ ಬೀಳ್ದೆ ಪ್ಲೇಗು ಎಲ್ಲಿಂದ ಬರುತ್ತೋ" ಅಂದಳು. ಆದರೂ ಕೆಲಸ ನಿಲ್ಲಿಸಲಿಲ್ಲ. ಹಂಡೆಯಲ್ಲಿ ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿ ಮೀಯಿಸಿದಳು. ಅವರು ಉಟ್ಟುಬಂದ ಬಟ್ಟೆಯನ್ನೆಲ್ಲ ಅದೇ ಹಂಡೆಯಲ್ಲಿ ಕುದಿಸಿದಳು. ಹಾಸಿಗೆ ಸುರುಳಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಬಿಚ್ಚಿ ಹಾಕಿಸಿದಳು. ಭಾವನಿಗೆ ಮೇಲಿನ ಒಂಟಿ ಕೋಣೆ. ಊಟ ಮೆಟ್ಟಿಲ ಮೇಲಿಟ್ಟು ಬರುವುದು. ಅವರ ಜೇಬಿನಲ್ಲಿ ಸೂರತ್ತಿನಲ್ಲಿ ಹಂಚಿದ್ದ ಟೆಟ್ರಾಸೈಕ್ಲಿನ್ ಇತ್ತು, ಅದನ್ನು ಬಿಡದೆ ನುಂಗಬೇಕು ಅಂತ ನಾನು ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ಎದುರು ಮನೆಯ ತಮಿಳಿನ ಅಕ್ಕ ನಮ್ಮ ಕಡೆಯ ಕಿಟಕಿ ಮುಚ್ಚಿಕೊಂಡರು, ಅವರಿಗೆ ಕೈಕೂಸಿತ್ತು, ತಪ್ಪು ಹೇಳಲಾಗದು. ಸಂಜೆ ನಾಲ್ಕೈದು ಜನ ಹಿರಿಯರು ಗೇಟಿನ ಹತ್ತಿರ ಬಂದು, "ಪಾಟಿ, ಹುಡುಗನ್ನ ಐಸೋಲೇಶನ್ ಆಸ್ಪತ್ರೆಗೆ ಕಳಿಸ್ಬಿಡಿ, ಎಲ್ಲರಿಗೂ ಒಳ್ಳೇದು" ಅಂದರು. ಇಂದಿರಾನಗರದ ಕಡೆ ಹಳೇ ಮದ್ರಾಸ್ ರಸ್ತೆಯಲ್ಲಿರುವ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯನ್ನು ನಮ್ಮ ಕಡೆ ಎಲ್ಲರೂ ಕರೆಯುವುದು ಹಾಗೆ. ಅಜ್ಜಿ ಗೇಟು ಹಿಡಿದುಕೊಂಡು ಹೇಳಿದಳು: "ಗೆಡ್ಡೆ ಇಲ್ಲ, ಜ್ವರ ಇಲ್ಲ. ಜ್ವರ ಬಂದ ದಿನ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀಗಂಟ ಮೇಲೇ ಇರ್ತಾನೆ. ನೀವೂ ಬಂದು ನೋಡ್ಕಂಡು ಹೋಗಿ." ಕಾರ್ಪೊರೇಷನ್ನಿನ ಹೆಲ್ತ್ ಇನ್‌ಸ್ಪೆಕ್ಟರ್ ಬಂದು ಜ್ವರ ಅಳೆದು, ಹೆಸರು ಬರೆದುಕೊಂಡು, ದಿನಾ ಬಂದು ನೋಡುವುದಾಗಿ ಹೇಳಿ ಹೋದರು. ಹೇಳಿದ ಹಾಗೇ ಬರುತ್ತಿದ್ದರು.

ಅಂದು ರಾತ್ರಿ ಕರೆಂಟು ಹೋಗಿತ್ತು. ಭಾವ ಮೇಲಿನ ಮೆಟ್ಟಿಲ ಮೇಲೆ, ನಾವೆಲ್ಲ ಕೆಳಗೆ ಹಿತ್ತಲಿನಲ್ಲಿ. ಅಜ್ಜಿ ತನ್ನ ಅವ್ವನ ಕಥೆ ತೆಗೆದಳು.

ಅವ್ವನಿಗೆ ಆಗ ಹತ್ತು ವರ್ಷ. ಇದೇ ಹಲಸೂರು. ಇಸವಿ ಅಜ್ಜಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು, 1898. "ಮೇಲಿನ ಸೀಮೆಯಿಂದ ರೈಲಲ್ಲಿ ಬಂತು" ಅನ್ನುತ್ತಿದ್ದಳಂತೆ ಅವ್ವ. ಮೊದಲು ಇಲಿ ಬಿದ್ದವು. ಅಟ್ಟದಿಂದ ಇಲಿ ತಾನಾಗಿ ಕೆಳಗೆ ಬಂದು, ಕುಡಿದವರ ಹಾಗೆ ತೂರಾಡಿ, ನಡುಮನೆಯಲ್ಲೇ ಸಾಯುವುದು. ಇಲಿ ಬಿತ್ತು ಅಂದರೆ ಮನೆ ಬಿಡಬೇಕು. ಅವರ ಮನೆಯವರು ಗಾಡಿಯಲ್ಲಿ ರಾಗಿ ಚೀಲ, ಒರಳು, ದೇವರ ಪೆಟ್ಟಿಗೆ ಹೇರಿಕೊಂಡು ಕೃಷ್ಣರಾಜಪುರದ ದಾರಿಯ ಬಯಲಿಗೆ ಹೋಗಿ ಸೋಗೆಯ ಗುಡಿಸಲು ಹಾಕಿಕೊಂಡರು. ಬಿಟ್ಟುಬಂದ ಮನೆಯ ಹೆಂಚು ತೆಗೆಸಿ ಒಳಗೆ ಬಿಸಿಲು ಬಿಟ್ಟರು ಸರ್ಕಾರದವರು, ಗೋಡೆಗೆಲ್ಲ ಸುಣ್ಣ. ಅಷ್ಟಾದರೂ ಅವ್ವನ ತಮ್ಮನಿಗೆ ಕಂಕುಳಲ್ಲಿ ಗೆಡ್ಡೆ ಎದ್ದಿತು. ಆರು ವರ್ಷದ ಹುಡುಗ. ಅವನನ್ನು ಪ್ಲೇಗು ಶೆಡ್ಡಿಗೆ ಒಯ್ದರು. ಹೆಣವನ್ನೂ ಮನೆಯವರು ಕಾಣಲಿಲ್ಲ.

"ಅದಕ್ಕೇ ಅವ್ವ ನಮ್ಮನ್ನ ದಿನಾ ಬೆಳಿಗ್ಗೆ ಸಾಲಾಗಿ ನಿಲ್ಸಿ ಕಂಕುಳು ಮುಟ್ಟಿ ನೋಡೋಳು" ಅಂದಳು ಅಜ್ಜಿ. ಪ್ಲೇಗು ಒಂದು ಸಲ ಬಂದು ಹೋದದ್ದಲ್ಲ, ಅಜ್ಜಿಯ ಬಾಲ್ಯದುದ್ದಕ್ಕೂ ಮತ್ತೆ ಮತ್ತೆ ಬರುತ್ತಿತ್ತು. ಆ ಪರೀಕ್ಷೆ ಮೈಗೆ ಬಂದದ್ದು ಹಾಗೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದಳು. "ನೀನು ಇದನ್ನೇ ಓದ್ತಿದ್ದೀಯಲ್ಲ. ಹೇಳು, ಇದು ಆವತ್ತಿನದೇನಾ? ಇಲ್ಲಾ ಹೊಸದಾ?"

ನಾನು ಅವತ್ತು ಏನು ಹೇಳಲು ಸಾಧ್ಯವಿತ್ತು? ದೇಶದ ದೊಡ್ಡ ದೊಡ್ಡ ಡಾಕ್ಟರುಗಳೇ ಪತ್ರಿಕೆಗಳಲ್ಲಿ ಸೂರತ್ತಿನದು ಪ್ಲೇಗು ಹೌದೋ ಅಲ್ಲವೋ ಅಂತ ವಾದ ಮಾಡುತ್ತಿದ್ದರು. ಅಷ್ಟು ಸುದ್ದಿಯಾದ ರೋಗದಿಂದ ಇಡೀ ದೇಶದಲ್ಲಿ ಸತ್ತವರು ಕೊನೆಗೆ 54 ಜನ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೆಲವರು ಇದು ಪ್ರಯೋಗಾಲಯದಲ್ಲಿ ಯಾರೋ ಮಾಡಿ ಬಿಟ್ಟ ರೋಗಾಣು ಅಂತಲೂ ಹೇಳಿದರು. ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಎರಡು ರೋಗಾಣುಗಳ ವಂಶ ಹೋಲಿಸಬೇಕು. ಅದು ಆಗಲು ಹದಿನೈದು ವರ್ಷ ಹಿಡಿಯಿತು. ಆ ಹದಿನೈದು ವರ್ಷದಲ್ಲಿ ನಾನು ಓದು ಮುಗಿಸಿ, ಕಾಲೇಜಿನಲ್ಲಿ ಪಾಠ ಹೇಳುತ್ತಾ, ಈ ಒಂದು ರೋಗಾಣುವಿನ ಬಗ್ಗೆ ಏನು ಅಚ್ಚಾದರೂ ಹುಡುಕಿ ಓದುತ್ತಿದ್ದೆ.

ಅವ್ವ ಹೇಳಿದ ರೈಲಿನ ದಾರಿ ಸರಿಯೇ ಇತ್ತು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗು ಎದ್ದಾಗ ಅಲೆಕ್ಸಾಂಡರ್ ಯೆರ್ಸಿನ್ ಸತ್ತವರ ಗೆಡ್ಡೆಯಿಂದ ರೋಗಾಣು ತೆಗೆದು ಗುರುತಿಸಿದ. ಅದಕ್ಕೆ ಈಗ ಯೆರ್ಸೀನಿಯಾ ಪೆಸ್ಟಿಸ್ ಅಂತ ಅವನದೇ ಹೆಸರು. 1896ರಲ್ಲಿ ಅದು ಮುಂಬಯಿಯ ಮಾಂಡ್ವಿಯ ಧಾನ್ಯದ ಗೋದಾಮುಗಳ ಕೇರಿಗೆ ಬಂತು. ಅಲ್ಲಿಂದ ಧಾನ್ಯದ ಮೂಟೆ, ಮೂಟೆಯ ಜೊತೆ ಇಲಿ, ಇಲಿಯ ಜೊತೆ ಚಿಗಟ. ಹುಬ್ಬಳ್ಳಿ-ಧಾರವಾಡದ ಕಡೆಯಿಂದ ರೈಲಿನಲ್ಲಿ 1898ರ ಆಗಸ್ಟಿನಲ್ಲಿ ಬೆಂಗಳೂರು. ಆಗ ಊರು ಎರಡಾಗಿತ್ತು, ಪೇಟೆ ಮೈಸೂರು ಮಹಾರಾಜರದ್ದು, ದಂಡು ಬ್ರಿಟಿಷ್ ರೆಸಿಡೆಂಟನದ್ದು. ಆಳುವವರು ಬೇರೆಯಾದರೂ ಇಲಿಗೆ ಗಡಿ ಎಲ್ಲಿಯದು? 1891ರ ಜನಗಣತಿಯಲ್ಲಿ ದಂಡಿನಲ್ಲಿ 1,00,081 ಜನ, ಪೇಟೆಯಲ್ಲಿ 80,285. ಹತ್ತು ವರ್ಷ ಕಳೆದು ಬೆಳೆಯಬೇಕಾಗಿದ್ದ ಊರು 1901ರಲ್ಲಿ ಕುಗ್ಗಿತ್ತು, ದಂಡು 89,599, ಪೇಟೆ 69,447. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಅಜ್ಜಿಯ ಸೋದರಮಾವ ಆ ಕಳೆಯುವ ಲೆಕ್ಕದಲ್ಲಿ ಒಬ್ಬ.

ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಕೇರಳದಲ್ಲಿ ಈಳವರೆಂಬ ಕಾರಣಕ್ಕೆ ಸರ್ಕಾರಿ ಕೆಲಸ ಸಿಗದೆ ಮೈಸೂರಿಗೆ ಬಂದಿದ್ದ ಡಾಕ್ಟರ್ ಪಲ್ಪು ಬೆಂಗಳೂರಿನ ಪ್ಲೇಗು ಕ್ಯಾಂಪುಗಳಲ್ಲಿ ಜೀವದ ಹಂಗು ತೊರೆದು ದುಡಿದರು. ಅವರನ್ನು ಈ ಊರು ಇನ್ನೂ ಚೆನ್ನಾಗಿ ನೆನೆಯಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರ ಎದ್ದವು. ದಂಡಿನ ಕಡೆ ಕೆಲವು ವರ್ಷಗಳ ಮೇಲೆ ಫ್ರೇಜರ್ ಟೌನ್. ಅಲ್ಲಿನ ಮನೆಗಳನ್ನು ಇಲಿ ಕೊರೆಯದ ನೆಲ, ಎತ್ತರದ ತಳಪಾಯ, ಗಾಳಿ ಬೆಳಕು ಇರುವಂತೆ ಕಟ್ಟಿಸಿದ ಜೆ.ಎಚ್. ಸ್ಟೀಫನ್ಸ್ 1914ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಬೆಂಗಳೂರಿಗೆ ಪ್ಲೇಗು ಬಂದ ಅದೇ 1898ರ ಜೂನ್ ತಿಂಗಳಲ್ಲಿ ಕರಾಚಿಯಲ್ಲಿ ಪಾಲ್-ಲೂಯಿ ಸಿಮೊಂಡ್ ಎಂಬ ಫ್ರೆಂಚ್ ಡಾಕ್ಟರ್ ಗಾಜಿನ ಪಾತ್ರೆಯಲ್ಲಿ ಇಲಿಗಳನ್ನಿಟ್ಟು, ರೋಗ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಅಂತ ತೋರಿಸಿದ್ದ. ವರ್ಷಗಟ್ಟಲೆ ಅವನ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತೇ ಕೇಳಿದ್ದರೆ ಹಲಸೂರಿನ ಎಷ್ಟು ಮಕ್ಕಳು ಉಳಿಯುತ್ತಿದ್ದರೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಅಜ್ಜಿಯ ಪ್ರಶ್ನೆ. ಮೊದಲ ಉತ್ತರ 1996ರಲ್ಲಿ ನಮ್ಮ ಊರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ದೆಹಲಿಯ ಏಮ್ಸ್‌ನವರು ಸೂರತ್ ಮತ್ತು ಮಹಾರಾಷ್ಟ್ರದ ಬೀಡ್‌ನಲ್ಲಿ ಸಿಕ್ಕ ರೋಗಾಣುಗಳ ಡಿ.ಎನ್.ಎ. ಪರೀಕ್ಷಿಸಿ, ಪ್ಲೇಗಿನದೇ ಅಂದರು. 2000ದಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ.ಯವರೂ ಬೇರೆ ವಿಧಾನದಿಂದ ಅದನ್ನೇ ಹೇಳಿದರು. ಅಷ್ಟರಲ್ಲಿ ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತು. ಪ್ಲೇಗು ಹೌದು ಅನ್ನುವುದು ಅವಳಿಗೆ ಹೊಸ ವಿಷಯವೂ ಆಗುತ್ತಿರಲಿಲ್ಲ. ಅವಳು ಕೇಳಿದ್ದು ಆವತ್ತಿನದೇನಾ ಅಂತ.

2001ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ಲೇಗು ರೋಗಾಣುವಿನ ಇಡೀ ಜೀನೋಮ್ ಪ್ರಕಟವಾಯಿತು. ಅದನ್ನು ನಾನು ಟಾಟಾ ಇನ್‌ಸ್ಟಿಟ್ಯೂಟಿನ ಲೈಬ್ರರಿಯಲ್ಲಿ ನಿಂತುಕೊಂಡೇ ಓದಿದೆ. ಅವರು ಜೀನೋಮ್ ಓದಿದ ರೋಗಾಣು ಸಿಕ್ಕಿದ್ದು ಅಮೆರಿಕದ ಕೊಲರಾಡೋದಲ್ಲಿ. ಅಲ್ಲಿ ಒಬ್ಬ ಪಶುವೈದ್ಯ ಬೆಕ್ಕಿನಿಂದ ಪ್ಲೇಗು ತಗುಲಿಸಿಕೊಂಡು 1992ರಲ್ಲಿ ಸತ್ತಿದ್ದ. ಸುಮಾರು 46 ಲಕ್ಷ ಅಕ್ಷರಗಳ ಬರಹ, ಜೊತೆಗೆ ಡಿ.ಎನ್.ಎ.ಯ ಮೂರು ಚಿಕ್ಕ ಉಂಗುರಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಉದ್ದವಲ್ಲ, ಅದರಲ್ಲಿ ಕೆಟ್ಟು ನಿಂತಿದ್ದ ಜೀನ್‌ಗಳು. ಸುಮಾರು 150 ಜೀನ್‌ಗಳು ಇದ್ದೂ ಕೆಲಸ ಮಾಡದ ಸ್ಥಿತಿಯಲ್ಲಿದ್ದವು. ಮೂರು ವರ್ಷ ಕಳೆದು ಇದರ ಹತ್ತಿರದ ನೆಂಟನ ಜೀನೋಮನ್ನೂ ಓದಿದರು. ಆ ನೆಂಟ ಯೆರ್ಸೀನಿಯಾ ಸ್ಯೂಡೊಟ್ಯುಬರ್ಕ್ಯುಲೋಸಿಸ್, ಪ್ರಾಣಿಗಳ ಕರುಳಿನಲ್ಲಿ ಇದ್ದುಕೊಂಡು ಹೊಟ್ಟೆನೋವು, ಭೇದಿ ತರುವ ರೋಗಾಣು, ಸಾಯಿಸುವುದು ಅಪರೂಪ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಹೊಟ್ಟೆನೋವಿನ ರೋಗಾಣು ಕೆಲವು ಸಾವಿರ ವರ್ಷಗಳ ಹಿಂದೆ ಪ್ಲೇಗು ಆದ ಬಗೆ ಬಿಚ್ಚಿಕೊಂಡಿತು.

ಅದು ಹೊಸದಾಗಿ ಪಡೆದದ್ದು ಕಡಿಮೆ. ಮುಖ್ಯವಾಗಿ ಎರಡು ಉಂಗುರ. ದೊಡ್ಡ ಉಂಗುರದಲ್ಲಿದ್ದ ಒಂದು ಜೀನ್ ಅದಕ್ಕೆ ಚಿಗಟದ ಹೊಟ್ಟೆಯಲ್ಲಿ ಸಾಯದೆ ಉಳಿಯುವ ಶಕ್ತಿ ಕೊಟ್ಟಿತು. ಮಿಕ್ಕಿದ್ದೆಲ್ಲ ಕಳೆದುಕೊಂಡದ್ದರಿಂದ. ಹಳೆಯ ರೋಗಾಣು ಯೂರಿಯೇಸ್ ಎಂಬ ಕಿಣ್ವ ತಯಾರಿಸುತ್ತಿತ್ತು, ಅದು ಚಿಗಟಕ್ಕೆ ವಿಷ. ಆ ಜೀನಿನ ನಡುವೆ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿ ಕಿಣ್ವ ನಿಂತುಹೋಯಿತು, ಚಿಗಟ ಬದುಕಿತು. ಇನ್ನು ಕೆಲವು ಜೀನ್‌ಗಳು ರೋಗಾಣುಗಳು ಅಂಟಿಕೊಂಡು ಮುದ್ದೆಯಾಗುವುದನ್ನು ತಡೆಯುತ್ತಿದ್ದವು. ಅವು ಕೆಟ್ಟವು. ಆಮೇಲೆ ರೋಗಾಣು ಚಿಗಟದ ಗಂಟಲ ಕೆಳಗೆ ಮುದ್ದೆ ಕಟ್ಟಿ ದಾರಿ ಮುಚ್ಚಿತು. ಹೀರಿದ ರಕ್ತ ಒಳಗೆ ಇಳಿಯದೆ ಚಿಗಟ ಹಸಿವಿನಿಂದ ಹುಚ್ಚಾಗಿ ಕಂಡವರನ್ನೆಲ್ಲ ಕಚ್ಚುತ್ತದೆ, ಕಚ್ಚಿದಲ್ಲೆಲ್ಲ ರೋಗಾಣುವನ್ನು ಕಾರುತ್ತದೆ. ಅಟ್ಟದಲ್ಲಿ ಇಲಿ ಸತ್ತು ತಣ್ಣಗಾದ ಮೇಲೆ ಆ ಚಿಗಟ ಕೆಳಗೆ ಮಲಗಿದ ಮಕ್ಕಳ ಮೇಲೆ ಇಳಿಯುತ್ತಿತ್ತು. ಇಲಿ ಬಿದ್ದರೆ ಮನೆ ಬಿಡು ಅಂದ ಹಳಬರ ಮಾತಿನಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಹಾಗಾದರೆ ಇಲಿ ಬೀಳದೆ ಸೂರತ್ತಿನಲ್ಲಿ ಹೇಗೆ ಹರಡಿತು? ರೋಗಾಣು ಶ್ವಾಸಕೋಶ ಹೊಕ್ಕರೆ ಕೆಮ್ಮಿನಿಂದಲೇ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ ಅನ್ನುವುದು ಹಳೆಯ ವಿಷಯ. ಆ ಶಕ್ತಿ ಅದಕ್ಕೆ ಎಲ್ಲಿಂದ ಬಂತು ಅನ್ನುವುದು ಸ್ಪಷ್ಟವಾದದ್ದು 2015ರಲ್ಲಿ. ಚಿಕ್ಕ ಉಂಗುರದಲ್ಲಿ 'ಪಿ.ಎಲ್.ಎ.' ಎಂಬ ಜೀನ್ ಇದೆ. ಅದೊಂದು ಬಂದು ಸೇರಿದ್ದೇ ಶ್ವಾಸಕೋಶದ ಪ್ಲೇಗಿಗೆ ಸಾಕಾಯಿತು. ಆಮೇಲೆ ಅದೇ ಜೀನಿನಲ್ಲಿ ಆದ ಒಂದು ಸಣ್ಣ ಬದಲಾವಣೆಯಿಂದ ಮೈಯೊಳಗೆ ಆಳವಾಗಿ ಹರಡುವ ಬಲ ಬಂತು. ಭಾವ ಕಂಡದ್ದಕ್ಕೂ ಅಜ್ಜಿಯ ಬೆರಳು ಹುಡುಕಿದ್ದಕ್ಕೂ ಹಿಂದೆ ನಿಂತಿದ್ದದ್ದು ಇದೇ ಜೀನು.

ರೋಗಾಣುಗಳ ವಂಶ ಹಿಡಿಯುವ ಬಗೆಯನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಅವರದೇ ನೋಟ್ಸಿನಿಂದ. ಇಬ್ಬರ ನೋಟ್ಸಿನಲ್ಲಿ ಸರಿ ಉತ್ತರ ಒಂದೇ ಇದ್ದರೆ ಏನೂ ಹೇಳಲಾಗದು. ಇಬ್ಬರಲ್ಲೂ ಅದೇ ಸಾಲಿನಲ್ಲಿ ಅದೇ ತಪ್ಪು ಇದ್ದರೆ ಒಬ್ಬರು ಇನ್ನೊಬ್ಬರದ್ದನ್ನು, ಇಲ್ಲವೇ ಇಬ್ಬರೂ ಮೂರನೆಯವರದ್ದನ್ನು ನೋಡಿ ಬರೆದಿದ್ದಾರೆ. ಜೀನೋಮ್ ಹೋಲಿಸುವವರು ಹುಡುಕುವುದು ಇಂಥ ಹಂಚಿಕೊಂಡ ತಪ್ಪುಗಳನ್ನೇ. 1951ರಿಂದ ಪ್ಲೇಗು ರೋಗಾಣುವನ್ನು ಮೂರು ಬಗೆಯಾಗಿ ವಿಂಗಡಿಸುತ್ತಿದ್ದರು, ಆಂಟಿಕ್ವಾ, ಮೆಡಿಯೇವಾಲಿಸ್, ಓರಿಯಂಟಾಲಿಸ್. ಚರಿತ್ರೆಯ ಮೂರು ಮಹಾಮಾರಿಗಳಿಗೆ ಒಂದೊಂದು ಅಂತ ಆಗಿನ ನಂಬಿಕೆ, ನಾವು ಎಂ.ಎಸ್ಸಿ.ಯಲ್ಲಿ ಓದಿದ್ದೂ ಹಾಗೇ. ಜೀನೋಮುಗಳು ಬಂದ ಮೇಲೆ ಆ ಹೊಂದಿಕೆ ಪೂರ್ತಿ ನಿಲ್ಲಲಿಲ್ಲ. ಓರಿಯಂಟಾಲಿಸ್ ಮಾತ್ರ ನಿಂತಿತು. ಗ್ಲಿಸರಾಲ್ ಬಳಸುವ ಒಂದು ಜೀನಿನಲ್ಲಿ 93 ಅಕ್ಷರ ಬಿಟ್ಟುಹೋಗಿರುವುದು ಅದರ ಗುರುತು. 1894ರ ನಂತರ ಹಾಂಗ್‌ಕಾಂಗ್‌ನಿಂದ ಹಡಗು ಹತ್ತಿ ಲೋಕ ಸುತ್ತಿದ ವಂಶ ಇದೇ. 2010ರಲ್ಲಿ ನಾನಾ ದೇಶಗಳ ನೂರಾರು ರೋಗಾಣುಗಳನ್ನು ಹೋಲಿಸಿದವರಿಗೆ ಪ್ಲೇಗಿನ ಮೂಲ ಚೀನಾ ಮತ್ತು ಅದರ ಆಸುಪಾಸು ಅಂತ ತೋರಿತು, ಹಡಗಿನ ದಾರಿಗಳೂ ಒಂದೊಂದಾಗಿ ಕಂಡವು. ಬೆಂಗಳೂರಿಗೆ ಬಂದ ವರ್ಷವೇ, 1898ರಲ್ಲೇ, ಅದು ಭಾರತದ ಕಡೆಯಿಂದ ಮಡಗಾಸ್ಕರಿಗೂ ಹೋಯಿತು. ಅಲ್ಲಿ ಇವತ್ತಿಗೂ ಬಿಟ್ಟಿಲ್ಲ. 2017ರಲ್ಲಿ ಕೆಮ್ಮಿನ ಪ್ಲೇಗು ಆ ದೇಶದ ಪಟ್ಟಣಗಳಲ್ಲೇ ಹರಡಿತು.

2011ರಲ್ಲಿ ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್ ಸ್ಮಶಾನದಲ್ಲಿ, 1348ರಿಂದ 1350ರ ನಡುವೆ ಹೂತವರ ಹಲ್ಲಿನೊಳಗಿಂದ ಆಗ ಯುರೋಪನ್ನು ಹೊಕ್ಕಿದ್ದ ಮಹಾಮಾರಿಯ ಜೀನೋಮನ್ನೇ ತೆಗೆದರು. ಅದಕ್ಕೂ ಕೊಲರಾಡೋದ ಪಶುವೈದ್ಯನ ರೋಗಾಣುವಿಗೂ 46 ಲಕ್ಷ ಅಕ್ಷರಗಳಲ್ಲಿ ವ್ಯತ್ಯಾಸ ನೂರಕ್ಕೂ ಕಡಿಮೆ. ಆರು ನೂರಕ್ಕೂ ಹೆಚ್ಚು ವರ್ಷದಲ್ಲಿ ಇಷ್ಟೇ. ಆ ಹಳೆಯದರಲ್ಲಿ ಅದನ್ನು ಅಷ್ಟು ಘೋರ ಮಾಡಿದ ಯಾವ ವಿಶೇಷ ಅಕ್ಷರವೂ ಕಾಣಲಿಲ್ಲ. ಹಾಗಾದರೆ ಒಂದೇ ರೋಗಾಣು ಒಂದು ಕಾಲದಲ್ಲಿ ಯುರೋಪನ್ನು ಅರ್ಧ ಖಾಲಿ ಮಾಡಿ, ಇನ್ನೊಂದು ಕಾಲದಲ್ಲಿ ಸೂರತ್ತಿನಲ್ಲಿ ಐವತ್ತು ಚಿಲ್ಲರೆ ಜನಕ್ಕೆ ನಿಂತದ್ದು ಯಾಕೆ ಅನ್ನುವುದನ್ನು ರೋಗಾಣುವಿನ ಹೊರಗೇ ಹುಡುಕಬೇಕು. ನನ್ನ ಮನಸ್ಸಿಗೆ ಬರುವುದು ಹಲಸೂರಿನ ಆ ಕತ್ತಲೆಯ ಅಟ್ಟ, ರಾಗಿ ಚೀಲಗಳ ನಡುವೆ ಮಲಗುತ್ತಿದ್ದ ಮಕ್ಕಳು, ಬರಗಾಲದಲ್ಲಿ ಸೊರಗಿದ ಮೈ, ಮತ್ತು ಧಾನ್ಯವನ್ನೂ ಇಲಿಯನ್ನೂ ಒಂದೇ ರಾತ್ರಿಯಲ್ಲಿ ನೂರಾರು ಮೈಲಿ ಸಾಗಿಸಿದ ರೈಲು. 1994ರ ಹೊತ್ತಿಗೆ ಟೆಟ್ರಾಸೈಕ್ಲಿನ್ ಇತ್ತು. ಇದ್ದದ್ದಕ್ಕೇ ನಮ್ಮ ಭಾವ ಉಳಿದರು ಅಂತಲೂ ಇರಬಹುದು.

ಭಾವನಿಗೆ ಏನೂ ಆಗಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ ಕಂಕುಳು ಮುಟ್ಟಿ ಬರುತ್ತಿದ್ದಳು. ಇನ್‌ಸ್ಪೆಕ್ಟರ್ ಇನ್ನು ಭಯವಿಲ್ಲ ಅಂದ ದಿನ ಎದುರು ಮನೆಯ ಅಕ್ಕನೇ ಕಿಟಕಿ ತೆಗೆದು, ಮಗುವನ್ನು ಎತ್ತಿಕೊಂಡು ಬಂದು ಅವರನ್ನು ಮಾತಾಡಿಸಿದರು. ದೀಪಾವಳಿ ಮುಗಿಸಿಕೊಂಡು ಅವರು ಸೂರತ್ತಿಗೆ ವಾಪಸು ಹೋದರು.

ಅಜ್ಜಿಯ ಪ್ರಶ್ನೆಗೆ ನೇರ ಉತ್ತರ ಬಂದದ್ದು ದೂರದ ಊರಿನಿಂದಲ್ಲ, ಮೈಸೂರಿನಿಂದ. ಅಲ್ಲಿನ ಸಿದ್ಧಾರ್ಥನಗರದಲ್ಲಿ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯ ಇದೆ, ಡಿ.ಎಫ್.ಆರ್.ಎಲ್. ಅಂತ ಎಲ್ಲರಿಗೂ ಗೊತ್ತು. ಅಲ್ಲಿನ ವಿಜ್ಞಾನಿಗಳು ಸೇರಿ 2009ರಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. 1994ರಲ್ಲಿ ಗುಜರಾತ್, ಮಹಾರಾಷ್ಟ್ರದ ರೋಗಿಗಳಿಂದಲೂ ಇಲಿಗಳಿಂದಲೂ ತೆಗೆದ ರೋಗಾಣು, 2002ರಲ್ಲಿ ಶಿಮ್ಲಾ ಜಿಲ್ಲೆಯ ರೋಗಿಗಳಿಂದ ತೆಗೆದದ್ದು, 1998ರಲ್ಲಿ ದಖ್ಖನ್ ಪ್ರಸ್ಥಭೂಮಿಯಲ್ಲಿ ಕಣ್ಗಾವಲಿಗೆ ಹಿಡಿದ ಇಲಿಗಳಿಂದ ತೆಗೆದದ್ದು, ಎಲ್ಲವನ್ನೂ ಅಕ್ಕಪಕ್ಕ ಇಟ್ಟರು. ಜೀನೋಮಿನ ಕೆಲವು ಜಾಗಗಳಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ, ಆ ಪುನರಾವರ್ತನೆ ಎಷ್ಟು ಸಲ ಅಂತ ಎಣಿಸಿ ಹೋಲಿಸುವ ವಿಧಾನ. ಶಿಮ್ಲಾದ್ದು ಆಂಟಿಕ್ವಾ, ಬೇರೆ ಕವಲು. 1994ರ ರೋಗಿಯದ್ದೂ ಇಲಿಯದ್ದೂ ಓರಿಯಂಟಾಲಿಸ್, ಒಂದಕ್ಕೊಂದು ಹೊಂದಿದವು. ಅವಕ್ಕೆ ತೀರಾ ಹತ್ತಿರ ನಿಂತದ್ದು ದಖ್ಖನ್ನಿನ ಇಲಿಗಳ ಓರಿಯಂಟಾಲಿಸ್.

ಅಂದರೆ ಹೌದು, ಆವತ್ತಿನದೇ ವಂಶ. ಹಾಂಗ್‌ಕಾಂಗ್‌ನಿಂದ ಮುಂಬಯಿಗೆ ಬಂದು ರೈಲಿನಲ್ಲಿ ಒಳನಾಡಿಗೆ ಹರಡಿದ್ದು ಎಲ್ಲಿಗೂ ಹೋಗಿರಲಿಲ್ಲ. ಬೆಂಗಳೂರಿಗೆ ಬಂದು ಸರಿಯಾಗಿ ನೂರು ವರ್ಷ ಕಳೆದ ಮೇಲೂ ಅದರ ಪೈಕಿಯವು ದಖ್ಖನ್ನಿನ ಇಲಿಗಳ ಮೈಯಲ್ಲಿ ಇದ್ದವು. ಇದನ್ನು ಓದಿದ ದಿನ ನನಗೆ ಭಯಕ್ಕಿಂತ ಹೆಚ್ಚಾಗಿ ಗೌರವ ಬಂತು. ಯಾವ ಸುದ್ದಿಯಲ್ಲೂ ಬಾರದೆ ಕೋಲಾರ, ಹೊಸೂರು, ಚಿತ್ತೂರು ಸೇರುವ ಗಡಿಯ ಹಳ್ಳಿಗಳಲ್ಲಿ ಬೋನು ಹಿಡಿದು ಸುತ್ತುವ, ಹೊಲದ ಇಲಿಗಳನ್ನು ಹಿಡಿದು, ಅವುಗಳ ಚಿಗಟ ಬಾಚಿ ಎಣಿಸಿ, ರಕ್ತ ತೆಗೆದು ಪರೀಕ್ಷಿಸುವ ಬೆಂಗಳೂರಿನ ಪ್ಲೇಗು ಕಣ್ಗಾವಲು ಘಟಕದವರ ಮೇಲೆ. ಆ ಮೂರು ರಾಜ್ಯಗಳ ಮೂಲೆ ಹಳೆಯ ಪ್ಲೇಗು ನೆಲ. ಮನುಷ್ಯರಲ್ಲಿ ರೋಗ ಇಲ್ಲದ ವರ್ಷಗಳಲ್ಲೂ ಈ ಕೆಲಸ ನಡೆಯಬೇಕು. ಮನುಷ್ಯರಲ್ಲಿ ಇಲ್ಲದ ವರ್ಷಗಳಲ್ಲೇ ಅನುದಾನ ಕಡಿಮೆ ಮಾಡುವ ಯೋಚನೆ ಬರುವುದು, ಅದಕ್ಕೇ ಹೇಳುತ್ತಿದ್ದೇನೆ.

ಆ ಮೈಸೂರಿನ ಹೋಲಿಕೆಯಲ್ಲಿ ಇನ್ನೊಂದು ಸಾಲಿದೆ, ಅದನ್ನು ನಾನು ತರಗತಿಯಲ್ಲಿ ಎರಡು ಸಲ ಓದಿಸುತ್ತೇನೆ. ದಖ್ಖನ್ನಿನಲ್ಲಿ ಹಿಡಿದ ಒಂದು ಇಲಿಯ ರೋಗಾಣು ಓರಿಯಂಟಾಲಿಸ್ ಆಗಿರಲಿಲ್ಲ. ಅದು ಮೆಡಿಯೇವಾಲಿಸ್, ಬೇರೆಯೇ ಕವಲು, ಹಾಂಗ್‌ಕಾಂಗ್‌ನ ಹಡಗಿನಲ್ಲಿ ಬಂದ ವಂಶವಲ್ಲ. ಅಜ್ಜಿಯ ಅವ್ವ ಕಂಡ ಪ್ಲೇಗಿಗೆ ರೈಲಿನ ದಾರಿ ಇದೆ, ತಾರೀಖು ಇದೆ. ಈ ಒಂದು ಇಲಿಯದ್ದಕ್ಕೆ ಅದು ಯಾವುದೂ ಹೊಂದುವುದಿಲ್ಲ. ಹೊಸ ಬ್ಯಾಚಿನ ಮಕ್ಕಳಿಗೆ ಪ್ಲೇಗಿನ ಪಾಠ ಶುರು ಮಾಡುವಾಗ ನಾನು ಮೊದಲು ಕೇಳುವುದು ಆ ಇಲಿಯ ಬಗ್ಗೆ. ಅದರ ಮೈಯೊಳಗಿನದು ಈ ನೆಲಕ್ಕೆ ಬಂದದ್ದು ಯಾವಾಗ, ಯಾರ ಜೊತೆ, ಯಾವ ದಾರಿಯಲ್ಲಿ?